ತೂರಾಡಿದ್ದು ನಿಜ

ಮಾರ್ಚ್ 3, ಸೋಮವಾರ

ಈ ಪುಸ್ತಕ ಗಿಣಿ ತಂದುಕೊಟ್ಟದ್ದು. "ಒಳಗೇ ಇಟ್ಕೊಂಡು ಕೊರಗಬೇಡಿ ಅಕ್ಕ. ಬರೆದು ಪುಸ್ತಕ ಮುಚ್ಚಿಬಿಡಿ, ಯಾರು ನೋಡ್ತಾರೆ?" ಅಂದಳು. ಈ ವಯಸ್ಸಿಗೆ ನನಗೆ ಡೈರಿ ಬೇರೆ ಕೇಡು. ಆದರೂ ಬರೆಯುತ್ತಿದ್ದೇನೆ. ಗುರುವಾರ ಮಗ ಪುಟ್ಟನ ಕೇಸಿನ ತೀರ್ಪು, ಅಲ್ಲಿಯವರೆಗೆ ಕೈಗೆ ಏನಾದರೂ ಕೆಲಸ ಬೇಕು.

ಗಿಣಿ ಎಂದರೆ ಕಚೇರಿಯಲ್ಲಿ ನನ್ನ ಜೋಡಿ. ದಿನವೆಲ್ಲ ಗಟ್ಟಿಯಾಗಿ ಓದುವುದೇ ಅವಳ ಕೆಲಸ, ಅದಕ್ಕೇ ಗಿಣಿ. ಎಲ್ಲ ಕೋರ್ಟುಗಳ ತೀರ್ಪೂ ನಮ್ಮಲ್ಲಿಗೆ ಬರುತ್ತದೆ. ಯಾರು ಬೇಕಾದರೂ ಓದಲಿ ಎಂದು ನಾವು ಅದನ್ನು ಜಾಲತಾಣಕ್ಕೆ ಹಾಕುತ್ತೇವೆ. ಹಾಕುವ ಮುಂಚೆ ಮುಚ್ಚಬೇಕಾದ್ದನ್ನು ನಾನು ಮುಚ್ಚುತ್ತೇನೆ: ಮಕ್ಕಳ ಹೆಸರು, ಜನರ ಕಾಯಿಲೆ ಕಸಾಲೆ, ಅಂಥವು. ಆಮೇಲೆ ಗಿಣಿ ಮೂಲ ಪ್ರತಿಯನ್ನು ಓದುತ್ತಾಳೆ, ನಾನು ಪರದೆಯ ಮೇಲಿನ ಪ್ರತಿಯನ್ನು ನೋಡುತ್ತೇನೆ. ಅವಳು ಓದಿದ್ದು ನನ್ನ ಕಡೆ ಕರಿ ಪಟ್ಟಿಯಾಗಿದ್ದರೆ ನಾನು ಪೆನ್ನಿನಿಂದ ಮೇಜು ಕುಟ್ಟಬೇಕು. ಟಕ್. ಗಿಣಿ ಮತ್ತು ಮರಕುಟಿಗ ಇರುವ ಜಾಗವೆಂದು ನಮ್ಮ ಕೋಣೆಗೆ ಪಂಜರ ಎಂದೇ ಹೆಸರಿಟ್ಟಿದ್ದಾರೆ.

ಇವತ್ತು ಮುಖ್ಯಸ್ಥರ ಜೊತೆ ಜಗಳವಾಯಿತು. ಯಾವ ಮಾತನ್ನೂ ಮುಗಿಸದ ಆಸಾಮಿ, ನಾವು ಇಟ್ಟ ಹೆಸರು ಅಲ್ಪವಿರಾಮ. ಮುದುಕರೊಬ್ಬರು ಹಳೆಯ ತೀರ್ಪು ಹುಡುಕಿಕೊಂಡು ಬಂದರೆ, "ಅದು, ನೋಡಿ, ನಿಯಮದಲ್ಲಿ ಅವಕಾಶವಿಲ್ಲ, ಹಾಗಾಗಿ," ಎಂದು ಅವರನ್ನು ಅರ್ಧದಲ್ಲೇ ಬಿಟ್ಟು ಹೊರಟರು. ನಿಯಮದಲ್ಲಿ ಅವಕಾಶವಿಲ್ಲ! ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೆಬ್ಬಾಗಿಲ ಮೇಲೆ ‘ನ್ಯಾಯ ಎಲ್ಲರ ಕಣ್ಣಿಗೂ ಕಾಣಬೇಕು’ ಎಂದು ಅಷ್ಟುದ್ದ ಕೆತ್ತಿಸಿದ್ದಾರಲ್ಲ, ಅದೇನು ಪಾರಿವಾಳ ಕೂರಲಿಕ್ಕೋ? ಮುದುಕರಿಗೆ ನಾನೇ ಹುಡುಕಿಕೊಟ್ಟೆ.

ಪುಟ್ಟ ಇವತ್ತೂ ಊಟಕ್ಕೆ ಬರಲಿಲ್ಲ.

ಮಾರ್ಚ್ 6, ಗುರುವಾರ

ಜೈಲಿಲ್ಲ. ಎರಡು ವರ್ಷ ಶಿಕ್ಷೆ, ಆದರೆ ಅಮಾನತಿನಲ್ಲಿ. ಐದು ವರ್ಷ ಗಾಡಿ ಓಡಿಸುವ ಹಾಗಿಲ್ಲ. ಅತಿವೇಗ, ಅಜಾಗರೂಕತೆ, ಒಂದು ಸಾವು.

ನಾನು ಹೋಗಲಿಲ್ಲ. ಅದೇ ಕಟ್ಟಡ, ಎರಡು ಮಹಡಿ ಕೆಳಗೆ ನನ್ನ ಮಗ ಕಟಕಟೆಯಲ್ಲಿ ನಿಂತಿದ್ದಾಗ ನಾನು ಮೇಲೆ ಯಾರದೋ ಆಸ್ತಿ ತಕರಾರಿಗೆ ಮೇಜು ಕುಟ್ಟುತ್ತಿದ್ದೆ. ಕಾಲು ಏಳಲಿಲ್ಲ, ಅಷ್ಟೇ. ಇವರು ಹೋಗಿದ್ದರು. ಜಡ್ಜು ಕೊನೇ ಪುಟ ಮಾತ್ರ ಓದಿದರಂತೆ. ಪುಟ್ಟ ಮೊದಲ ದಿನವೇ ತಪ್ಪೊಪ್ಪಿಕೊಂಡಿದ್ದರಿಂದ ಸಾಕ್ಷಿ ವಿಚಾರಣೆಯೇ ಆಗಲಿಲ್ಲ, ಎಲ್ಲ ಕಡತದಲ್ಲೇ ಮುಗಿಯಿತು.

"ಆ ಮನುಷ್ಯ ಕುಡಿದಿದ್ದನಂತೆ. ಅವನೂ ಸರಿಯಾಗಿ ನಡೀಬೇಕಿತ್ತು," ಎಂದು ಇವರು ಬೂಟು ಬಿಚ್ಚುತ್ತಾ ಹೇಳಿದರು.

"ಯಾರಂದ್ರು?"

"ಹೊರಗಡೆ ಮಾತಾಡ್ಕೋತಿದ್ರು."

ಪುಟ್ಟ ಗೋಡೆಗೆ ಒರಗಿ ನಿಂತಿದ್ದ. "ತೂರಾಡ್ತಾ ಬಂದ, ಅಮ್ಮ. ನಾನು ನೋಡ್ದೆ. ಆದ್ರೆ ನಾನು ಜೋರಾಗಿ ಬರ್ತಿದ್ದೆ," ಎಂದ. ಇಪ್ಪತ್ತಮೂರು ವರ್ಷದ ಹುಡುಗ, ಅರವತ್ತರವನ ಥರ ಬಗ್ಗಿಬಿಟ್ಟಿದ್ದಾನೆ. ನನಗೆ ಅಳು ಬಂತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 12, ಬುಧವಾರ

ಬುಧವಾರ ಮಧ್ಯಾಹ್ನ ನೆಲಮಹಡಿಯಲ್ಲಿ ನನ್ನ ಸರದಿ. ಅಲ್ಲಿ ಸಾರ್ವಜನಿಕರಿಗೆ ಎಂದು ಕಂಪ್ಯೂಟರುಗಳನ್ನು ಇಟ್ಟಿದ್ದಾರೆ, ಹುಡುಕಲು ಬಾರದವರಿಗೆ ಹುಡುಕಿಕೊಡಬೇಕು. ಮನೆ ಖಾಲಿ ಮಾಡು ಎಂದು ಮಾಲೀಕನಿಂದ ಬೈಸಿಕೊಂಡ ದರ್ಜಿಯೊಬ್ಬಳು ಬಂದಿದ್ದಳು. ಅಂಥದೇ ಒಂದು ತೀರ್ಪು ತೆಗೆದುಕೊಟ್ಟೆ. ಬೆರಳಿಟ್ಟುಕೊಂಡು ಓದಿ, "ಇದನ್ನ ಅವನ ಮುಖಕ್ಕೆ ಹಿಡೀಬಹುದಾ?" ಎಂದು ಕೇಳಿದಳು. "ಧಾರಾಳವಾಗಿ ಹಿಡಿ ತಾಯಿ, ಜಡ್ಜು ಹೇಳಿದ್ದು ಎಲ್ಲರ ಸ್ವತ್ತು" ಅಂದೆ. ಈ ಕೆಲಸದಲ್ಲಿ ಇದೊಂದು ಸುಖ.

ಮನೆಗೆ ಬಂದರೆ ಪುಟ್ಟ ಮತ್ತೆ ಶಿಕ್ಷಕರ ಕಾಲೇಜಿನ ಅರ್ಜಿ ಹಿಡಿದು ಕೂತಿದ್ದ. "ಹಾಕಿ ಏನು ಪ್ರಯೋಜನ? ಅವರು ಎಲ್ಲರ ಹೆಸರನ್ನೂ ನಿಮ್ಮ ಜಾಲತಾಣದಲ್ಲಿ ಹುಡುಕಿ ನೋಡ್ತಾರಂತೆ."

"ಹಾಕೋ. ಆಮೇಲೆ ನೋಡೋಣ."

"ಏನು ನೋಡ್ತೀಯ?"

ಅವನ ಕೈಗೆ ಪೆನ್ನು ಕೊಟ್ಟು ಅಡುಗೆಮನೆಗೆ ಹೋದೆ.

ಮಾರ್ಚ್ 18, ಮಂಗಳವಾರ

ಬಂತು. ಬೆಳಿಗ್ಗೆ ಬಂದ ತೀರ್ಪುಗಳ ನಡುವೆ ಪುಟ್ಟನ ಹೆಸರು. ಸ್ವಂತದವರದಾದರೆ ಮುಟ್ಟದೆ ಇನ್ನೊಬ್ಬರಿಗೆ ಕೊಡಬೇಕು ಎಂಬುದು ನಿಯಮ. ಕೊಡಬೇಕೆಂದೇ ಎದ್ದೆ. ಕೊಡುವ ಮುಂಚೆ ಒಂದು ಸಲ ಓದುತ್ತೇನೆ ಎಂದು ಕೂತೆ.

ಸತ್ತವರು ಬೀಗ ರಿಪೇರಿಯವರು. ಅವರಂಗಡಿಯ ಎದುರಿನ ದಾಟುದಾರಿಯಲ್ಲೇ, ಆ ಬಿಳಿ ಪಟ್ಟೆಗಳ ಮೇಲೇ ಆದದ್ದು. ಹದಿನಾಲ್ಕನೇ ಪ್ಯಾರಾ ಓದಿದ ಮೇಲೆ ನನಗೆ ಏನೂ ಕೆಲಸ ಮಾಡಲಾಗಲಿಲ್ಲ. ಇಲ್ಲಿ ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆಯಿಂದ ಹೋಗುವುದಿಲ್ಲ:

"ಮೃತರು ತೂರಾಡುತ್ತಿದ್ದರು ಎಂದು ಆರೋಪಿ ಹೇಳಿದ್ದಾನೆ. ತೂರಾಡಿದ್ದು ನಿಜ. ಅವರ ಬಲಗಾಲು ಹುಟ್ಟಿನಿಂದಲೇ ಗಿಡ್ಡವಾಗಿದ್ದು, ದಪ್ಪ ಅಟ್ಟೆಯ ಶೂ ಧರಿಸುತ್ತಿದ್ದರು. ಅವರು ದಿನವೂ ನಡೆಯುತ್ತಿದ್ದುದೇ ಹಾಗೆ. ರಕ್ತದಲ್ಲಿ ಮದ್ಯದ ಅಂಶವಿರಲಿಲ್ಲ. ತಮ್ಮ ಅಂಗಡಿಯ ಎದುರಿನ ದಾಟುದಾರಿಯಲ್ಲಿ, ಪಾದಚಾರಿಗಳಿಗೆ ಹಸಿರು ದೀಪವಿದ್ದಾಗ ಅವರು ನಡೆಯುತ್ತಿದ್ದರು. ಅವರ ಕಡೆಯಿಂದ ಯಾವ ತಪ್ಪೂ ನಡೆದಿಲ್ಲ ಎಂಬುದನ್ನು ಈ ನ್ಯಾಯಾಲಯ ಸ್ಪಷ್ಟವಾಗಿ ದಾಖಲಿಸುತ್ತದೆ."

ಕುಡಿದಿರಲಿಲ್ಲ. ಒಂದು ತೊಟ್ಟೂ ಇಲ್ಲ. ಕುಂಟು ಕಾಲಿನ ಮನುಷ್ಯ ತನ್ನ ಪಾಡಿಗೆ ತಾನು ಹಸಿರು ದೀಪದಲ್ಲಿ ರಸ್ತೆ ದಾಟುತ್ತಿದ್ದ.

ತೀರ್ಪನ್ನು ಯಾರಿಗೂ ಕೊಡಲಿಲ್ಲ. ನಾಳೆ ಕೊಟ್ಟರಾಯಿತು.

ಮಾರ್ಚ್ 19, ಬುಧವಾರ

ಕೊಡಲಿಲ್ಲ. ನಾನೇ ಮುಚ್ಚಿದೆ. ನಿಯಮ ಬಿಟ್ಟು ಏನೂ ಮಾಡಿಲ್ಲ, ಒಂದೊಂದನ್ನೂ ಪುಸ್ತಕ ತೆಗೆದು ನೋಡಿಯೇ ಮಾಡಿದ್ದೇನೆ. ಕಾರಿನಲ್ಲಿ ನನ್ನ ತಂಗಿಯ ಮಗಳಿದ್ದಳು, ಹದಿನಾರರ ಹುಡುಗಿ. ಮಕ್ಕಳ ಹೆಸರು ಮುಚ್ಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅವಳ ಹೆಸರು ಮುಚ್ಚಿ ಕಾರು ಓಡಿಸಿದ ಅಣ್ಣನ ಹೆಸರು ಬಿಟ್ಟರೆ ಮುಚ್ಚಿದ್ದಕ್ಕೆ ಏನರ್ಥ? ‘ಸುತ್ತುಬಳಸಿ ಗುರುತು ಸಿಗುವಂತಿದ್ದರೆ ಅದನ್ನೂ ಮುಚ್ಚತಕ್ಕದ್ದು’ ಎಂದು ನಿಯಮವೇ ಹೇಳುತ್ತದೆ. ಹಾಗಾಗಿ ಪುಟ್ಟನ ಹೆಸರು ಮುಚ್ಚಿದೆ. ಸತ್ತವರ ಹೆಸರಿನಿಂದಲೂ ಗುರುತು ಸಿಗುತ್ತದೆ, ಅದನ್ನೂ ಮುಚ್ಚಿದೆ. ಅಂಗಡಿ, ದಾಟುದಾರಿ ಇರುವ ವಾಕ್ಯವೂ ಅಷ್ಟೇ. ಕಾಲು, ಶೂ, ರಕ್ತಪರೀಕ್ಷೆ, ಇವು ಆರೋಗ್ಯದ ವಿವರ. ಕೊನೇ ವಾಕ್ಯ ಅಂಗಡಿಯ ವಾಕ್ಯಕ್ಕೆ ಅಂಟಿಕೊಂಡಿತ್ತು, ಅದೂ ಹೋಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಅನ್ನಲಿ. ಅನ್ನುವವರ ಮಗ ಈ ಥರ ಬಗ್ಗಿ ನಡೆಯುತ್ತಿಲ್ಲ.

ಮಾರ್ಚ್ 20, ಗುರುವಾರ

ಗಿಣಿ ಓದಿದಳು. ಆರೋಪಿಯ ಹೆಸರು ಬಂದಾಗ ನಾನು ಮೇಜು ಕುಟ್ಟಿದೆ. ಅವಳು ನಿಲ್ಲಿಸಿಬಿಟ್ಟಳು. ಪುಟ್ಟ ನನ್ನನ್ನು ಕರೆದೊಯ್ಯಲು ಎಷ್ಟು ಸಲ ಬಂದಿದ್ದಾನೆ, ಅವಳಿಗೆ ಪೆಪ್ಪರ್‌ಮಿಂಟ್ ತಂದುಕೊಟ್ಟಿದ್ದಾನೆ.

"ಅಕ್ಕಾ."

"ಓದು."

ಓದಿದಳು. ದಿನವೂ ಗಂಟೆ ಬಾರಿಸಿದ ಹಾಗೆ ಓದುವವಳು ಇವತ್ತು ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ. ಹದಿನಾಲ್ಕನೇ ಪ್ಯಾರಾದಲ್ಲಿ ಕಾಲು ಬಂತು. ಟಕ್. ರಕ್ತ ಬಂತು. ಟಕ್. ಯಾವ ತಪ್ಪೂ ನಡೆದಿಲ್ಲ. ಟಕ್.

"ಇದೂನಾ?"

"ನಿಯಮ ಇದೆ."

"ನಿಯಮ ಇರಬಹುದು ಅಕ್ಕ. ಆದ್ರೆ ಉಳಿದಿದ್ದು ಏನು ಅಂತ ಒಂದ್ಸಲ ಬರೀ ಉಳಿದಿದ್ದನ್ನ ಓದಿ ನೋಡಿ."

"ಸಹಿ ಮಾಡು," ಎಂದೆ. ಮಾಡಿದಳು. ಮೂಗು ಒರೆಸಿಕೊಂಡು ನೀರು ಕುಡಿಯಲು ಎದ್ದುಹೋದವಳು ತುಂಬ ಹೊತ್ತು ಬರಲಿಲ್ಲ. ಅವಳಿಗೆ ಯಾವಾಗಲೂ ನೆಗಡಿ.

ಮಾರ್ಚ್ 27, ಗುರುವಾರ

ಜಾಲತಾಣಕ್ಕೆ ಹೋಯಿತು. ಪುಟ್ಟನ ಹೆಸರು ಹಾಕಿ ಹುಡುಕಿದೆ. ‘ಯಾವುದೂ ಸಿಗಲಿಲ್ಲ.’ ಇಷ್ಟು ಸಿಹಿಯಾದ ಮಾತನ್ನು ಆ ಡಬ್ಬ ಇವತ್ತಿನವರೆಗೂ ಆಡಿರಲಿಲ್ಲ.

ಏಪ್ರಿಲ್ 1, ಮಂಗಳವಾರ

ಇಂಥದೊಂದು ಆಗುತ್ತದೆಂದು ನಾನು ಎಣಿಸಿಯೇ ಇರಲಿಲ್ಲ. ಪುಟ್ಟ ಪ್ರಕರಣದ ಸಂಖ್ಯೆ ಹಾಕಿ ತೀರ್ಪನ್ನು ತಾನೇ ತೆಗೆದು ಓದಿದ್ದಾನೆ. ನಾನು ಬಾಗಿಲು ತೆರೆಯುವುದೇ ತಡ, ಓಡಿಬಂದ.

"ಅಮ್ಮ, ಇಲ್ಲಿ ನೋಡು. ಜಡ್ಜೇ ಬರೆದಿದಾರೆ. ‘ತೂರಾಡಿದ್ದು ನಿಜ.’ ಆಮೇಲೆ ಏನೋ ಮುಚ್ಚಿದಾರೆ. ಆಮೇಲೆ, ‘ಅವರು ದಿನವೂ ನಡೆಯುತ್ತಿದ್ದುದೇ ಹಾಗೆ.’ ದಿನಾ ಕುಡೀತಿದ್ದ, ಅಮ್ಮ! ಸತ್ತವರ ಮರ್ಯಾದೆಗೆ ಅಂತ ಅದನ್ನ ಮುಚ್ಚಿರ್ತಾರೆ, ಅಲ್ವಾ? ನೀವು ಹಂಗೇ ಅಲ್ವಾ ಮಾಡೋದು?"

ನನ್ನ ಮುಖವನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಜ್ವರದಲ್ಲಿ, ನಾನು ಬದುಕ್ತೀನಾ ಅಮ್ಮ ಎಂದು ಕೇಳುತ್ತಿದ್ದನಲ್ಲ, ಅದೇ ಮುಖ.

"ಹೂಂ. ಹಾಗೇ ಇರುತ್ತೆ," ಎಂದೆ.

ಎರಡು ಸಲ ಬಡಿಸಿಕೊಂಡು ಊಟ ಮಾಡಿದ. ತಟ್ಟೆ ತಾನೇ ತೊಳೆದ. ಈಗ ಗೊರಕೆ ಹೊಡೆಯುತ್ತಿದ್ದಾನೆ. ಆ ಗೊರಕೆ ಕೇಳುತ್ತಾ ಕೂತಿದ್ದೇನೆ. ದೇವರೇ, ಎಷ್ಟು ದಿನವಾಗಿತ್ತು.

ಏಪ್ರಿಲ್ 9, ಬುಧವಾರ

ನೆಲಮಹಡಿಗೆ ಒಬ್ಬ ಹೆಂಗಸು ಬಂದಿದ್ದಳು. ನನ್ನ ವಯಸ್ಸೇ ಇರಬೇಕು. ಸೊಂಟಕ್ಕೆ ಬೀಗದ ಕೈಗಳ ದೊಡ್ಡ ಗೊಂಚಲು. ಹೆಸರೊಂದನ್ನು ಒಂದೊಂದೇ ಅಕ್ಷರ ಒತ್ತಿ ಹುಡುಕಿದಳು. ಸಿಗಲಿಲ್ಲ. ಮತ್ತೆ ಒತ್ತಿದಳು. "ನಮ್ಮನೆಯವರ ಹೆಸರೇ ಇಲ್ವಲ್ಲಮ್ಮ ಇದರಲ್ಲಿ?"

ಅವಳು ಯಾರೆಂದು ಆಗ ತಿಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನಾಗಿ ಕೊರಳಿನ ಗುರುತುಚೀಟಿಯನ್ನು ತಿರುಗಿಸಿ ಹಿಡಿಯಿತು. ಪೊಲೀಸಿನವನು ಬರೆದುಕೊಟ್ಟ ಪ್ರಕರಣದ ಸಂಖ್ಯೆ ಅವಳ ಹತ್ತಿರ ಇತ್ತು. ನನಗದು ಬಾಯಿಪಾಠ. ಆದರೂ ಚೀಟಿ ನೋಡಿಕೊಂಡೇ ಒತ್ತಿದೆ.

"ಬೀಗದಂಗಡಿ ಈಗ ನಾನೇ ನೋಡ್ಕೋತೀನಿ," ಎಂದು ಅವಳು ತಾನಾಗಿ ಹೇಳಿದಳು. "ಯಾರೂ ಬರಲ್ಲ. ಕುಡುಕನ ಕೈಗೆ ಮನೆ ಬೀಗ ಕೊಟ್ಟಿದ್ವಾ ಅಂತ ಬೀದಿಯವರು ಮಾತಾಡ್ಕೋತಾರೆ. ಜೀವಮಾನದಲ್ಲಿ ಮುಟ್ಟಿದವರಲ್ಲ. ಕಾಲು ಹಾಗಿತ್ತು. ಜಡ್ಜು ಬರೆದಿರ್ತಾರೆ, ಜಾಲತಾಣಕ್ಕೆ ಬರುತ್ತೆ, ಅಚ್ಚು ಹಾಕಿಸಿ ಅಂಗಡಿ ಬಾಗಿಲಿಗೆ ಅಂಟಿಸು ಅಂತ ಆ ಪೊಲೀಸಪ್ಪ ಹೇಳಿದ."

ಓದಿದಳು. ಹದಿನಾಲ್ಕನೇ ಪ್ಯಾರಾಕ್ಕೆ ಬಂದವಳು ಅಲ್ಲೇ ಕೂತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಜೋರು ಮಾಡದೆ ಕೇಳಿದಳು:

"ತೂರಾಡಿದ್ದು ಅನ್ನೋದನ್ನ ಬಿಟ್ಟಿದೀರ. ಯಾಕೆ ತೂರಾಡಿದ್ದು ಅನ್ನೋದನ್ನ ಮುಚ್ಚಿದೀರ. ಇದು ಯಾವ ನ್ಯಾಯ ತಾಯಿ?"

ಪೂರ್ತಿ ಪ್ರತಿಗೆ ಅರ್ಜಿ ಹಾಕಬಹುದು ಎಂದು ಹೇಳಿದೆ. ಹೇಳಲೇಬೇಕು, ಅದು ಕೆಲಸ. ಅರ್ಜಿ ತುಂಬಲು ಸಹಾಯವನ್ನೂ ಮಾಡಿದೆ. ಅವಳ ಕೈಯಲ್ಲಿ ಎಣ್ಣೆಯ, ಕಬ್ಬಿಣದ ವಾಸನೆ. ಹೋಗುವಾಗ, "ನೀವಾದ್ರೂ ಕೂರಿಸಿ ಮಾತಾಡ್ಸಿದ್ರಲ್ಲ" ಎಂದು ನನ್ನ ಕೈ ಹಿಡಿದುಕೊಂಡಳು.

ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆದೆ. ವಾಸನೆ ಹೋಗಲಿಲ್ಲ. ಊಟ ಸೇರಲಿಲ್ಲ. ತಪ್ಪು ಮಾಡಿದೆ. ನಾಳೆ ಅಲ್ಪವಿರಾಮಕ್ಕೆ ಹೇಳಿ ತೀರ್ಪನ್ನು ವಾಪಸ್ ತೆಗೆಸುತ್ತೇನೆ. ಕೆಲಸ ಹೋದರೆ ಹೋಗಲಿ.

ಏಪ್ರಿಲ್ 10, ಗುರುವಾರ

ಅಲ್ಪವಿರಾಮ ಇವತ್ತು ರಜೆ.

ಏಪ್ರಿಲ್ 15, ಮಂಗಳವಾರ

ಪುಟ್ಟನಿಗೆ ಸಂದರ್ಶನಕ್ಕೆ ಕರೆ ಬಂದಿದೆ. ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡ, ಶಿಳ್ಳೆ ಬೇರೆ. ಇವರು ಪತ್ರಿಕೆಯ ಹಿಂದಿನಿಂದ ನನ್ನನ್ನು ನೋಡಿ ನಕ್ಕರು.

ಗಿಣಿ ಬೇರೆ ಕೋಣೆ ಕೇಳಿಕೊಂಡು ಹೋದಳು. ಇಲ್ಲಿ ಧೂಳಂತೆ. ಇಷ್ಟು ವರ್ಷ ಇಲ್ಲದ ಧೂಳು ಈಗ ಎಲ್ಲಿಂದ ಬಂತೋ. ಹೊಸಬಳು ಪಟಪಟ ಓದುತ್ತಾಳೆ, ಏನೂ ಕೇಳುವುದಿಲ್ಲ. ಕೆಲಸ ಬೇಗ ಆಗುತ್ತದೆ.

ಏಪ್ರಿಲ್ 22, ಮಂಗಳವಾರ

ಬೀಗದಂಗಡಿಯವಳ ಅರ್ಜಿ ನನ್ನ ಮೇಜಿಗೇ ಬಂತು. ಯಾರು ಮುಚ್ಚಿದರೋ ಅವರೇ ಅಭಿಪ್ರಾಯ ಬರೆಯಬೇಕು, ಅದು ಇಲ್ಲಿನ ಪದ್ಧತಿ. ಬೆಳಿಗ್ಗೆಯಿಂದ ಅದನ್ನು ಬೇರೆ ಕಾಗದಗಳ ಕೆಳಗೆ ಇಟ್ಟುಕೊಂಡಿದ್ದೆ. ‘ಕೊಡಬಹುದು’ ಎಂದು ಒಂದು ಪದ ಬರೆದರೆ ಸಾಕಿತ್ತು. ಬರೆದರೆ ಅದು ಅಂಗಡಿ ಬಾಗಿಲಿಗೆ ಅಂಟುತ್ತದೆ. ಪುಟ್ಟನ ಹೆಸರಿರುತ್ತದೆ. ಹೆಸರು ಹೋಗಲಿ, ಒಂದು ದಿನ ಆ ಬೀದಿಯಲ್ಲಿ ಹೋಗುವಾಗ ಅವನೇ ನಿಂತು ಓದುತ್ತಾನೆ. ಹಸಿರು ದೀಪ. ಕುಂಟು ಕಾಲು. ಆಮೇಲೆ ನಾನು ಯಾರ ಗೊರಕೆ ಕೇಳಲಿ?

ಮೂರು ಗಂಟೆಗೆ ಬರೆದೆ: ‘ಅರ್ಜಿದಾರರು ಪ್ರಕರಣದ ಕಕ್ಷಿದಾರರಲ್ಲ. ನಿಯಮದಲ್ಲಿ ಅವಕಾಶವಿಲ್ಲ.’ ಸುಳ್ಳೇನಲ್ಲ. ಪ್ರಕರಣ ಸರ್ಕಾರಕ್ಕೂ ಪುಟ್ಟನಿಗೂ ನಡೆದದ್ದು, ಅವಳು ಅದರಲ್ಲಿ ಇಲ್ಲ. ಅಲ್ಪವಿರಾಮ ನೋಡಿ, "ಅಚ್ಚುಕಟ್ಟಾಗಿದೆ," ಎಂದು ಮೊದಲ ಬಾರಿಗೆ ಒಂದು ವಾಕ್ಯ ಮುಗಿಸಿದರು.

ಏಪ್ರಿಲ್ 27, ಭಾನುವಾರ

ಪುಟ್ಟನಿಗೆ ಸೀಟು ಸಿಕ್ಕಿತು! ತಂಗಿ, ಅವಳ ಗಂಡ, ಹುಡುಗಿ ಎಲ್ಲ ಬಂದಿದ್ದರು. ಎಷ್ಟು ದಿನವಾಗಿತ್ತು ಈ ಮನೆಯಲ್ಲಿ ನಗು ಕೇಳಿ. ಊಟದ ನಡುವೆ ತಂಗಿಯ ಗಂಡ ಆ ವಿಷಯ ಎತ್ತಿದರು. ಪುಟ್ಟ ಮುಖ ಕೆಳಗೆ ಹಾಕಲಿಲ್ಲ. "ತೀರ್ಪಲ್ಲೇ ಇದೆ ಚಿಕ್ಕಪ್ಪ. ದಿನಾ ಕುಡಿದು ತೂರಾಡ್ತಿದ್ದ ಮನುಷ್ಯ. ಕಾನೂನು ಅಂದ್ಮೇಲೆ ನಾನೂ ಅನುಭವಿಸ್ಬೇಕಾಯ್ತು."

ತಂಗಿಯ ಮಗಳು, "ಆದ್ರೆ ಅಣ್ಣ, ದೀಪ ಅವರಿಗೆ," ಎಂದು ಏನೋ ಶುರು ಮಾಡಿದಳು. ನನ್ನ ಕೈಯ ಚಮಚ ತಟ್ಟೆಗೆ ಟಕ್ಕೆಂದು ಬಡಿಯಿತು. ಎಲ್ಲರೂ ನನ್ನ ಕಡೆ ನೋಡಿದರು. ಹುಡುಗಿ ಸುಮ್ಮನಾದಳು. "ಇನ್ನೊಂದು ಸ್ವಲ್ಪ ಹಾಕ್ಕೊಳ್ಳೇ," ಎಂದೆ.

ಅಲ್ಲದೆ, ಯಾರು ಕಂಡವರು? ರಕ್ತಪರೀಕ್ಷೆ ಎಷ್ಟು ಹೊತ್ತಿಗೆ ಮಾಡಿದರೋ ಏನೋ. ಹೆಂಡತಿಗೆ ಗೊತ್ತಿಲ್ಲದ ಹಾಗೆ ಒಂದು ಲೋಟ ಹಾಕುವವರು ಎಷ್ಟು ಜನರಿಲ್ಲ.

ಮೇ 7, ಬುಧವಾರ

ಬೀಗದಂಗಡಿಯವಳು ಮತ್ತೆ ಬಂದಿದ್ದಳು. ತಿರಸ್ಕಾರದ ಕಾಗದ ಒಂದು ಕೈಯಲ್ಲಿ, ಬಟ್ಟೆಯ ಚೀಲ ಇನ್ನೊಂದು ಕೈಯಲ್ಲಿ. ಚೀಲದಿಂದ ಒಂದು ಶೂ ತೆಗೆದು ನನ್ನ ಮುಂದೆ ಮೇಜಿನ ಮೇಲಿಟ್ಟಳು. ಬಲಗಾಲಿನದು, ಕರಿಯದು. ನಾಲ್ಕು ಬೆರಳು ದಪ್ಪದ ಅಟ್ಟೆ, ಹೊರ ಅಂಚು ಸವೆದು ಓರೆಯಾಗಿತ್ತು. ಪಾಲಿಶ್ ಮಾಡಿ ತಂದಿದ್ದಳು.

"ಇದನ್ನೂ ಮುಚ್ಚಿ," ಎಂದಳು.

"ಇಲ್ಲಿ ಇಂಥದ್ದೆಲ್ಲ ಇಡೋ ಹಾಗಿಲ್ಲಮ್ಮ."

"ಮುಚ್ಚಬೇಕಾದ್ರೆ ಯಾರೋ ಒಬ್ರು ಪೂರ್ತಿ ಓದಿರಬೇಕಲ್ಲ? ಅವರಿಗೆಲ್ಲಾ ಗೊತ್ತಿರುತ್ತಲ್ಲ? ಅವರ ಹತ್ರ ಕರ್ಕೊಂಡು ಹೋಗಿ. ಬಯ್ಯಲ್ಲ ನಾನು. ನಮ್ಮನೆಯವರದ್ದು ಏನೂ ತಪ್ಪಿರಲಿಲ್ಲ ಅಂತ ಅವರ ಬಾಯಲ್ಲಿ ಒಂದೇ ಒಂದ್ಸಲ ಕೇಳಿದ್ರೆ ಸಾಕು. ಕಾಗದ ಬೇಡ. ನಾನೊಬ್ಬಳೇ ಕೇಳ್ಕೊಂಡು ಹೋಗ್ತೀನಿ."

"ನಿಯಮದಲ್ಲಿ ಅವಕಾಶವಿಲ್ಲ," ಎಂದೆ.

ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. "ಹಾಗಾದ್ರೆ ಇದು ಇಲ್ಲೇ ಇರಲಿ. ಅವರು ಬಂದಾಗ ತೋರ್ಸಿ," ಎಂದು ಎದ್ದುಹೋದಳು. ಬೀಗದ ಕೈಗಳ ಗೊಂಚಲಿನ ಸದ್ದು ಹೆಬ್ಬಾಗಿಲವರೆಗೂ ಕೇಳುತ್ತಿತ್ತು.

ಬಿಟ್ಟುಹೋದ ವಸ್ತುಗಳನ್ನು ಚೀಟಿ ಕಟ್ಟಿ ಕಪಾಟಿನಲ್ಲಿಡಬೇಕು. ಚೀಟಿಯಲ್ಲಿ ಬರೆದೆ: ‘ಶೂ, ಒಂದು. ಬಣ್ಣ ಕಪ್ಪು.’ ವಿಶೇಷ ಗುರುತು ಎಂಬಲ್ಲಿ ‘ಇಲ್ಲ’ ಎಂದು ಬರೆದೆ.

ಬರುವಾಗ ಪುಟ್ಟನಿಗೂ ಒಂದು ಜೊತೆ ಕೊಂಡೆ. ಸೋಮವಾರದಿಂದ ಕಾಲೇಜು, ಮೇಷ್ಟರಾಗುವವನು ಹರಕು ಚಪ್ಪಲಿಯಲ್ಲಿ ಹೋಗುವುದು ಚೆಂದವಲ್ಲ. ಹಾಕಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದ. ಬೆನ್ನು ಬಗ್ಗಿಲ್ಲ, ಏನಿಲ್ಲ. ಎಷ್ಟು ನೆಟ್ಟಗೆ ನಡೆಯುತ್ತಾನೆ ನನ್ನ ಮಗ.